ಮನೆತನದ ಚರಿತ್ರೆ: ಮುಂದಿನ ಪೀಳಿಗೆಗೆ ನಮ್ಮ ಕಾಣಿಕೆ

ಮುತ್ತಜ್ಜನ ಹೆಸರು ಹೇಳಬಲ್ಲ ಮಕ್ಕಳು ಇಂದು ನಮ್ಮ ಮನೆಗಳಲ್ಲಿ ವಿರಳ. ಮುತ್ತಜ್ಜಿಯ ತವರೂರನ್ನು ಬಲ್ಲವರು ಇನ್ನೂ ವಿರಳ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಮೊದಲಿನಿಂದಲೂ ಮಳೆ ಕಡಿಮೆಯ ನಾಡು. ಬರಗಾಲ, ವಿದ್ಯಾಭ್ಯಾಸ, ಉದ್ಯೋಗಗಳ ನಿಮಿತ್ತ ಇಲ್ಲಿಂದ ಚದುರಿಹೋದ ಕುಟುಂಬಗಳು ಅನೇಕ. ಭಾದ್ರಪದ ಮಾಸದಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ದೂರದೂರದಿಂದ ಜನ ಬಂದು ಸೇರುತ್ತಾರೆ. ಅಜ್ಜಿಯಿಂದ ಮರಿಮಕ್ಕಳವರೆಗೆ ಒಂದೆಡೆ ಕೂಡುವ ಇಂತಹ ದಿನಗಳೇ ಮನೆತನದ ಚರಿತ್ರೆಯನ್ನು ಕೇಳಿ ಬರೆದುಕೊಳ್ಳಲು ಸುಸಮಯ.

ಈ ಕಾರ್ಯ ನಮ್ಮ ನಾಡಿಗೆ ಹೊಸತಲ್ಲ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಮನೆ ಬಾಗಿಲಿಗೆ ಬರುವ ಹೆಳವರು ಒಕ್ಕಲು ಮನೆತನಗಳ ಮೂಲಸ್ಥಳ, ವಲಸೆ, ಹಿರಿಯರ ಹೆಸರುಗಳನ್ನು ತಡೆಯಿಲ್ಲದೆ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದೆ ಸಾಗುತ್ತಿದ್ದರು. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಸ್ಥಳೀಯ ವೃತ್ತಾಂತಗಳು ಡಾ. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 'ಕರ್ನಾಟಕದ ಕೈಫಿಯತ್ತುಗಳು' ಎಂಬ ಗ್ರಂಥವಾಗಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದವು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಅವರ ನೆನಪಿನಲ್ಲಿ ಸಹಸ್ರಾರು ಹಾಡುಗಳಿದ್ದವು. ಕೇಳಿ ಬರೆದುಕೊಳ್ಳುವವರು ದೊರೆತುದರಿಂದ ಅವು ಉಳಿದವು.

ಬರೆದಿಟ್ಟದ್ದು ಮನೆಯಲ್ಲಿಯೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ವಚನಗಳ ಕಥೆಯೇ ನಿದರ್ಶನ. ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಬಟ್ಟೆ ಸುತ್ತಿ ಪೂಜಿಸುತ್ತಿದ್ದ ತಾಡೋಲೆಗಳು ಓದುವವರಿಲ್ಲದೆ ಹುಳುವಿಗೆ ಆಹಾರವಾಗುತ್ತಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಪೂಜೆಯಿಂದ ಓಲೆ ಉಳಿಯಲಿಲ್ಲ, ಪ್ರಕಟಣೆಯಿಂದ ಉಳಿಯಿತು. ನಮ್ಮ ಜಗುಲಿಯ ಮೇಲಣ ಹಳೆಯ ಕಡತಗಳಿಗೂ ಈ ಮಾತು ಅನ್ವಯಿಸುತ್ತದೆ.

ಇಲ್ಲಿ ಒಂದು ಶಂಕೆ ಏಳಬಹುದು. ಕುಲದ ಹಿರಿಮೆಯನ್ನು ಒಪ್ಪದ ಶರಣರ ಅನುಯಾಯಿಗಳಿಗೆ ವಂಶವೃಕ್ಷವೇಕೆ? ಶಂಕೆ ಯೋಗ್ಯವೇ ಆಗಿದೆ. ವಂಶದ ಪ್ರತಿಷ್ಠೆಗಾಗಿ ಬರೆದ ಚರಿತ್ರೆ ನಮಗೆ ಬೇಡ. ಹಿರಿಯರು ಯಾವ ಕಾಯಕ ಮಾಡಿದರು, ಬರಗಾಲದಲ್ಲಿ ಹೇಗೆ ಬದುಕಿದರು, ಯಾರಿಗೆ ನೆರವಾದರು, ಯಾರಿಂದ ನೆರವು ಪಡೆದರು ಎಂಬುದನ್ನು ಬರೆಯೋಣ. ಸಾಲ, ಜಗಳ, ಸೋಲುಗಳನ್ನೂ ಮರೆಮಾಚದೆ ಬರೆದರೆ ಅದು ಮಕ್ಕಳಿಗೆ ದಾರಿದೀಪವಾದೀತು.

ಹೆಣ್ಣುಮಕ್ಕಳ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಹಳೆಯ ವಂಶಾವಳಿಗಳಲ್ಲಿ ಮಗಳ ಹೆಸರೂ ಸೊಸೆಯ ತವರೂ ಕಾಣುವುದು ಅಪರೂಪ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಬಳಿಕ ದೇಶಕ್ಕೆಲ್ಲ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹಕ್ಕು ನೀಡಿದವು. ಆಸ್ತಿಯಲ್ಲಿ ಸ್ಥಾನ ಪಡೆದವಳಿಗೆ ಮನೆತನದ ಚರಿತ್ರೆಯಲ್ಲಿ ಸ್ಥಾನವಿಲ್ಲವೆಂದರೆ ಅದು ನ್ಯಾಯವಲ್ಲ.

ಕೆಲಸ ಕಠಿಣವೇನಲ್ಲ. ಮನೆಯ ಅತ್ಯಂತ ಹಿರಿಯರಿಂದ ಮೊದಲು ಕೇಳಬೇಕು. ಅವರ ಧ್ವನಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬೇಕು. ಪಹಣಿ, ಕ್ರಯಪತ್ರ, ಶಾಲಾ ದಾಖಲೆ, ಲಗ್ನಪತ್ರಿಕೆಗಳೊಡನೆ ಇಸವಿಗಳನ್ನು ತಾಳೆ ನೋಡಬೇಕು. ಹೇಳಿಕೆ ಬೇರೆ, ದಾಖಲೆ ಬೇರೆ ಎಂದು ಸ್ಪಷ್ಟವಾಗಿ ಗುರುತಿಸಬೇಕು. ಹಳೆಯ ಭಾವಚಿತ್ರಗಳ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹೆಸರು ಬರೆದಿಡಬೇಕು. ಬದುಕಿರುವವರ ಖಾಸಗಿ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಅಚ್ಚುಮಾಡಬಾರದು. ಐವತ್ತು ಪ್ರತಿಗಳ ಸಣ್ಣ ಪುಸ್ತಕವಾದರೂ ಸಾಕು. ಬಂಧುಗಳಿಗೆ ಹಂಚಿ, ಊರಿನ ಗ್ರಂಥಾಲಯಕ್ಕೂ ಮಠಕ್ಕೂ ಒಂದೊಂದು ಪ್ರತಿ ಸಲ್ಲಿಸಿದರೆ, ಒಂದು ಮನೆಯಲ್ಲಿ ಕಳೆದುದು ಇನ್ನೊಂದೆಡೆ ಉಳಿಯುತ್ತದೆ.

ಹಿರಿಯರೊಬ್ಬರು ಲಿಂಗೈಕ್ಯರಾದಾಗ ಅವರೊಡನೆ ಅವರು ಮಾತ್ರ ಬಲ್ಲ ಹೆಸರುಗಳೂ ಹೋಗಿಬಿಡುತ್ತವೆ. ಆದುದರಿಂದ ಬಂಧುಗಳು ಮುಂದಿನ ಹಬ್ಬಕ್ಕೆ ಕಾಯದೆ, ಈ ವಾರವೇ ಒಂದು ನೋಟುಪುಸ್ತಕವನ್ನು ತೆಗೆದುಕೊಂಡು ಅಜ್ಜಿಯ ಬಳಿ ಕುಳಿತುಕೊಳ್ಳಬೇಕೆಂದು ನಾವು ಸವಿನಯವಾಗಿ ಕೋರುತ್ತೇವೆ.