ಕಾರಿನ ಸ್ವೇಡ್ ಸೀಟು ಮತ್ತು ಮಕ್ಕಳ ಉಬ್ಬಸ

ಮನೆಯಲ್ಲಿ ಚೆನ್ನಾಗಿಯೇ ಇರುವ ಮಗು ಕಾರು ಹತ್ತಿದ ಕೆಲವೇ ನಿಮಿಷಗಳಲ್ಲಿ ಸೀನತೊಡಗುತ್ತದೆ. ರೋಣದಿಂದ ಗಜೇಂದ್ರಗಡ ತಲುಪುವ ಹೊತ್ತಿಗೆ ಕಣ್ಣು ಕೆಂಪಾಗಿ, ಎದೆಯಲ್ಲಿ ಸುಂಯ್ ಎಂಬ ಸದ್ದು ಕೇಳಿಸುತ್ತದೆ. ಎ.ಸಿ. ಗಾಳಿ ಆಗಿಬರಲಿಲ್ಲವೆಂದು ಹಿರಿಯರು ಅದನ್ನು ಬಂದ್ ಮಾಡಿಸುತ್ತಾರೆ. ಆದರೆ ತೊಂದರೆಯ ಮೂಲ ಮಗು ಕುಳಿತ ಸೀಟಿನಲ್ಲಿಯೇ ಇರಬಹುದು.

ಇತ್ತೀಚಿನ ಅನೇಕ ಕಾರುಗಳ ಸೀಟಿಗೆ ಮಖಮಲ್ಲಿನಂತೆ ಮೃದುವಾದ ಕೃತಕ ಸ್ವೇಡ್ ಹೊದಿಕೆ ಇರುತ್ತದೆ. ಇದು ಚರ್ಮವಲ್ಲ. 1970ರಲ್ಲಿ ಜಪಾನಿನ ಟೋರೇ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಇದನ್ನು ರೂಪಿಸಿದರು. ಕೂದಲಿಗಿಂತಲೂ ಬಹಳ ತೆಳುವಾದ ಪಾಲಿಯೆಸ್ಟರ್ ಎಳೆಗಳನ್ನು ಪಾಲಿಯುರೆಥೇನ್ ಎಂಬ ಅಂಟುಪದಾರ್ಥದಿಂದ ಬಿಗಿದು ಇದನ್ನು ತಯಾರಿಸುತ್ತಾರೆ. ಈ ನವಿರು ಎಳೆಗಳೇ ಅದರ ಅಂದ. ಧೂಳು ಸಿಕ್ಕಿಕೊಳ್ಳುವುದೂ ಅವುಗಳ ನಡುವೆಯೇ.

ಸೀಟಿನಲ್ಲಿ ಏನೇನಿರುತ್ತದೆ?

ರೋಣ, ನರಗುಂದ ಸೀಮೆಯದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕುಬಿಟ್ಟ ಹೊಲದ ಮಣ್ಣು ಹಿಟ್ಟಿನಂತೆ ಹಾರುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಇಲ್ಲಿನ ಗಾಳಿಯ ಬಲಕ್ಕೆ ಸಾಕ್ಷಿ. ಈ ಧೂಳಿನ ಜೊತೆಗೆ ರಸ್ತೆ ಬದಿಯ ಕಾಂಗ್ರೆಸ್ ಕಸದ ಪರಾಗವೂ ಬಟ್ಟೆಗೆ ಅಂಟಿ ಸೀಟಿಗೆ ಬರುತ್ತದೆ. ಅಲರ್ಜಿ ಇರುವವರಿಗೆ ಅದು ಸೀನು, ತುರಿಕೆ, ಉಬ್ಬಸಕ್ಕೆ ಕಾರಣವಾಗುತ್ತದೆ.

ಮಳೆಗಾಲದಲ್ಲಿ ತೊಯ್ದ ಬಟ್ಟೆಯಲ್ಲಿಯೇ ಕುಳಿತರೆ ಸೀಟಿನೊಳಗಿನ ಸ್ಪಂಜು ತೇವ ಹಿಡಿಯುತ್ತದೆ. ಆಗ ಬೂಷ್ಟು ಬೆಳೆಯುತ್ತದೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಧೂಳಿನ ನುಸಿಯೂ ಹೆಚ್ಚುತ್ತದೆ. ಈ ನುಸಿಯ ಹಿಕ್ಕೆ ಅಸ್ತಮಾ ಕೆರಳಿಸುವ ಮುಖ್ಯ ವಸ್ತುಗಳಲ್ಲೊಂದು.

ಶುಚಿ ಮಾಡುವ ಕ್ರಮ

ವಾರಕ್ಕೊಮ್ಮೆ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಎಲ್ಲ ಬಾಗಿಲುಗಳನ್ನು ತೆರೆಯಿರಿ. ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ. ಅಸ್ತಮಾ ಇರುವವರು ಈ ಕೆಲಸ ಮಾಡಬಾರದು, ಹತ್ತಿರವೂ ನಿಲ್ಲಬಾರದು. ಸೀಟನ್ನು ಬಡಿಯುವುದು, ಗ್ಯಾರೇಜಿನ ಕಂಪ್ರೆಸರ್ ಗಾಳಿ ಊದುವುದು ಬೇಡ. ಅದರಿಂದ ಧೂಳು ಎದ್ದು ಮತ್ತೆ ಅಲ್ಲಿಯೇ ಕೂಡುತ್ತದೆ. ಮೃದು ಬ್ರಷ್ ಜೋಡಿಸಿದ ವ್ಯಾಕ್ಯೂಮ್ ಕ್ಲೀನರಿನಿಂದ ಧೂಳನ್ನು ಹೀರಿಸಬೇಕು. ಹೆಪಾ ಫಿಲ್ಟರ್ ಇರುವ ಯಂತ್ರವಾದರೆ ಲೇಸು. ಅದು ಸೂಕ್ಷ್ಮ ಧೂಳನ್ನು ಹೊರಗೆ ಬಿಡುವುದಿಲ್ಲ.

ಅನಂತರ ಬಿಳಿಯ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹಗುರವಾಗಿ ಒರೆಸಿರಿ. ಬಣ್ಣದ ಬಟ್ಟೆಯಾದರೆ ಬಣ್ಣ ಬಿಟ್ಟೀತು. ಕೊಳವೆಬಾವಿಯ ಗಡಸು ನೀರು ಒಣಗಿದ ಮೇಲೆ ಬಿಳಿಯ ಕಲೆ ಉಳಿಸುತ್ತದೆ. ಆದ್ದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಶುದ್ಧ ನೀರಿನ ಘಟಕದ ನೀರನ್ನು ಬಳಸಿರಿ. ಸೀಟಿಗೆ ನೀರು ಸುರಿಯುವುದು ದೊಡ್ಡ ತಪ್ಪು. ಮೇಲೆ ಒಣಗಿದಂತೆ ಕಂಡರೂ ಒಳಗಿನ ಸ್ಪಂಜು ದಿನಗಟ್ಟಲೆ ಹಸಿಯಾಗಿರುತ್ತದೆ. ಪೂರ್ಣ ಒಣಗಿದ ಬಳಿಕ ಮೃದು ಬ್ರಷ್‌ನಿಂದ ಎಳೆಗಳನ್ನು ಎಬ್ಬಿಸಿರಿ.

ಮಿರ್ಚಿ ಭಜಿಯ ಎಣ್ಣೆ ತಾಗಿದರೆ ಉಜ್ಜದೆ, ಟಾಲ್ಕಂ ಪೌಡರ್ ಉದುರಿಸಿ, ಕೆಲವು ಗಂಟೆ ಬಿಟ್ಟು ಹೀರಿಸಿರಿ. ರಕ್ತದ ಕಲೆಗೆ ತಣ್ಣೀರೇ ಆಗಬೇಕು. ಬಿಸಿನೀರಿನಿಂದ ಕಲೆ ಗಟ್ಟಿಯಾಗಿ ನಿಲ್ಲುತ್ತದೆ. ಮಗು ವಾಂತಿ ಮಾಡಿಕೊಂಡರೆ ಮೊದಲು ಚಮಚದಿಂದ ತೆಗೆದು, ಸೌಮ್ಯ ಸಾಬೂನಿನ ನೊರೆಯಿಂದ ಅಂಚಿನಿಂದ ನಡುವಿನ ಕಡೆಗೆ ಒರೆಸಬೇಕು.

ಇವುಗಳನ್ನು ಮಾಡಬೇಡಿ

ಕಲೆ ತೆಗೆಯಲು ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಬಳಸುವವರಿದ್ದಾರೆ. ಇವುಗಳ ಆವಿಯಿಂದ ತಲೆಸುತ್ತು, ವಾಕರಿಕೆ ಬರುತ್ತದೆ. ಒಂದು ಕಿಡಿ ತಾಗಿದರೆ ಬೆಂಕಿಯೇ ಹೊತ್ತೀತು. ಬ್ಲೀಚಿಂಗ್ ದ್ರಾವಣ ಮತ್ತು ಆಸಿಡ್ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಕಲೆ ಹಿಡಿಯದಿರಲೆಂದು ಹೊಡೆಯುವ ಸ್ಪ್ರೇಗಳ ಸೂಕ್ಷ್ಮ ಹನಿಗಳೂ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲವು. ಅವುಗಳನ್ನು ಮುಚ್ಚಿದ ಕಾರಿನೊಳಗೆ ಹೊಡೆಯಲೇಬಾರದು. ಒಗೆಯಬಹುದಾದ ಹತ್ತಿಯ ಟವೆಲ್ಲನ್ನು ಸೀಟಿನ ಮೇಲೆ ಹಾಸುವುದು ಇದಕ್ಕಿಂತ ಸುಲಭ, ಸುರಕ್ಷಿತ.

ರೈತ ಬಾಂಧವರಿಗೆ ಇನ್ನೊಂದು ಮಾತು. ಹತ್ತಿ, ಮೆಣಸಿನಕಾಯಿ, ಕಡಲೆಗೆ ಸಿಂಪಡಿಸುವ ಔಷಧಿಯ ಡಬ್ಬಿಯನ್ನು ಸೀಟಿನ ಮೇಲೆ ಇಟ್ಟು ತರಬೇಡಿ. ಚೆಲ್ಲಿದರೆ ಹೊದಿಕೆಯೂ ಸ್ಪಂಜೂ ಅದನ್ನು ಹೀರುತ್ತವೆ. ಒರೆಸಿದ ಮಾತ್ರಕ್ಕೆ ಹೋಗುವುದಿಲ್ಲ. ಅಂಥ ಸೀಟಿನಲ್ಲಿ ಮಕ್ಕಳನ್ನು ಕೂಡಿಸದೆ, ಹೊದಿಕೆ ಮತ್ತು ಸ್ಪಂಜನ್ನು ಬದಲಾಯಿಸುವುದೇ ಒಳ್ಳೆಯದು.

ಸೀಟು ಶುಚಿಯಾಗಿದ್ದರೂ ಎ.ಸಿ.ಯ ಫಿಲ್ಟರ್ ಧೂಳು ತುಂಬಿದ್ದರೆ ಪ್ರಯೋಜನವಿಲ್ಲ. ಅದನ್ನೂ ಕಾಲಕಾಲಕ್ಕೆ ಬದಲಾಯಿಸಿರಿ. ಇಷ್ಟೆಲ್ಲ ಮಾಡಿದರೂ ಮಗುವಿನ ಕೆಮ್ಮು, ದಮ್ಮು ಮರುಕಳಿಸುತ್ತಿದ್ದರೆ ವೈದ್ಯರಿಗೆ ತೋರಿಸಿರಿ. ಅವರು ಕೊಟ್ಟ ಇನ್‌ಹೇಲರನ್ನು ಪ್ರಯಾಣದಲ್ಲಿ ಕೈಗೆಟಕುವಂತೆ ಇಟ್ಟುಕೊಳ್ಳಿರಿ; ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಟ್ಟುಹೋಗಬೇಡಿ. ಮಾತನಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ ಒಂದು ಕ್ಷಣವೂ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.