ಸಮಾನ ಕಥಾವಸ್ತುವಿನ ಪ್ರತಿಸ್ಪರ್ಧಿ ಚಲಚ್ಚಿತ್ರಗಳು: ಸಾಕ್ಷ್ಯದ ದೃಷ್ಟಿಯಿಂದ ಒಂದು ವಿವೇಚನೆ

೧

೨೦೦೨ನೆಯ ಇಸವಿ ಜೂನ್ ೭ನೆಯ ತಾರೀಖು ಶುಕ್ರವಾರದಂದು ಭಗತ್ ಸಿಂಗ್ ಅವರ ಜೀವನವನ್ನು ಕುರಿತ ಎರಡು ಹಿಂದೀ ಚಲಚ್ಚಿತ್ರಗಳು ಏಕಕಾಲದಲ್ಲಿ ಬಿಡುಗಡೆಯಾದುವು. ರಾಜಕುಮಾರ ಸಂತೋಷಿಯವರು ನಿರ್ದೇಶಿಸಿ ಅಜಯ್ ದೇವಗನ್ ಅವರು ನಾಯಕಪಾತ್ರ ವಹಿಸಿದ 'ದಿ ಲೆಜೆಂಡ್ ಆಫ್ ಭಗತ್ ಸಿಂಗ್' ಒಂದು. ಗುಡ್ಡು ಧನೋವಾ ಅವರು ನಿರ್ದೇಶಿಸಿ ಬಾಬಿ ದೇವಲ್ ಅವರು ನಾಯಕಪಾತ್ರ ವಹಿಸಿದ '೨೩ ಮಾರ್ಚ್ ೧೯೩೧: ಶಹೀದ್' ಇನ್ನೊಂದು. ಇವುಗಳಿಗೆ ಒಂದು ವಾರ ಮುಂಚೆ, ಮೇ ೩೧ರಂದು, ಸೋನು ಸೂದ್ ಅವರು ಅದೇ ಪಾತ್ರವನ್ನು ವಹಿಸಿದ್ದ 'ಶಹೀದ್-ಎ-ಆಜಂ' ತೆರೆಕಂಡಿತ್ತು. ಹೀಗೆ ಎಂಟು ದಿನಗಳೊಳಗೆ ಒಬ್ಬ ವೀರನ ಕಥೆ ಮೂರು ಬಾರಿ ಪ್ರೇಕ್ಷಕರ ಮುಂದೆ ಬಂದಿತು.

ಇಂಥ ಪ್ರಸಂಗಗಳನ್ನು ಕಂಡಾಗ ಜನರಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಹುಟ್ಟುತ್ತವೆ. ಒಬ್ಬರು ಇನ್ನೊಬ್ಬರ ಕಥೆಯನ್ನು ಕದ್ದಿದ್ದಾರೆಂಬುದು ಒಂದು. ಇದು ಕೇವಲ ಕಾಕತಾಳೀಯವೆಂಬುದು ಮತ್ತೊಂದು. ಇವೆರಡೂ ವಿಚಾರವನ್ನು ನಡುವಿನಲ್ಲಿಯೇ ನಿಲ್ಲಿಸಿಬಿಡುತ್ತವೆ. ಚರಿತ್ರೆಯನ್ನು ಬೋಧಿಸುವ ನಮಗಾದರೋ ಇದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಗತಕಾಲದ ವ್ಯಕ್ತಿಗಳನ್ನು ಮೊದಲು ಕಾಣುವುದು ತೆರೆಯ ಮೇಲೆ. ಒಂದೇ ಸಂಗತಿಯನ್ನು ಎರಡು ಮೂರು ಚಿತ್ರಗಳು ಒಂದೇ ರೀತಿಯಾಗಿ ಹೇಳಿದರೆ ಅದು ನಿಜವೇ ಇರಬೇಕೆಂದು ಅವರು ನಂಬುವುದು ಸಹಜ. ಈ ನಂಬಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

೨

ಒಂದೇ ವಸ್ತುವನ್ನು ಹಲವರು ಕೈಗೆತ್ತಿಕೊಳ್ಳುವುದು ನಮ್ಮ ಸಾಹಿತ್ಯಪರಂಪರೆಗೆ ಹೊಸದಲ್ಲ. ಭಾರತಕಥೆಯನ್ನು ಪಂಪನೂ ಹೇಳಿದನು, ರನ್ನನೂ ಹೇಳಿದನು, ಕುಮಾರವ್ಯಾಸನೂ ಹೇಳಿದನು. ಇವರಲ್ಲಿ ಯಾರನ್ನೂ ಯಾರೂ ಚೋರನೆಂದು ಕರೆದಿಲ್ಲ. ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದರೆ, ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಕಥೆ ಒಂದೇ ಆದರೂ ನಾಯಕನು ಬದಲಾದನು. ನಾಯಕನು ಬದಲಾದುದಕ್ಕೆ ಕಾರಣ ಕಥೆಯಲ್ಲಿಲ್ಲ, ಕವಿ ನಿಂತ ಆಸ್ಥಾನದಲ್ಲಿದೆ.

ಚಲಚ್ಚಿತ್ರರಂಗದಲ್ಲಿಯೂ ಈ ಸಂಪ್ರದಾಯ ಆರಂಭದಿಂದಲೇ ಕಾಣಬರುತ್ತದೆ. ೧೯೩೬ರಲ್ಲಿ ದ್ರೌಪದಿಯ ಸಭಾಪ್ರಸಂಗವನ್ನು ಕುರಿತು 'ದ್ರೌಪದೀ ವಸ್ತ್ರಾಪಹರಣಂ', 'ದ್ರೌಪದೀ ಮಾನಸಂರಕ್ಷಣಂ' ಎಂಬ ಎರಡು ತೆಲುಗು ವಾಕ್ಚಿತ್ರಗಳು ಪೈಪೋಟಿಯಿಂದ ಹೊರಬಂದುವು. ಬಳ್ಳಾರಿಯಲ್ಲಿ ವಕೀಲರಾಗಿದ್ದು ರಂಗಭೂಮಿಯಲ್ಲಿ ಹೆಸರು ಪಡೆದ ರಾಘವರು ಎರಡನೆಯದರಲ್ಲಿ ದುರ್ಯೋಧನನ ಪಾತ್ರವನ್ನು ವಹಿಸಿದ್ದರು. ಪುರಾಣಕಥೆ ಎಲ್ಲರ ಸ್ವತ್ತಾದುದರಿಂದ ಅಲ್ಲಿ ಕೃತಿಚೌರ್ಯದ ಪ್ರಶ್ನೆ ಏಳುವಂತಿರಲಿಲ್ಲ.

೩

ಈ ಬಗೆಯ ಸಾದೃಶ್ಯಕ್ಕೆ ಕಾರಣಗಳನ್ನು ಸ್ಥೂಲವಾಗಿ ಮೂರು ಎಂದು ವಿಂಗಡಿಸಬಹುದು: ಆಕರ, ಕಾಲ, ವ್ಯಾಪಾರ.

ಮೊದಲನೆಯದು ಆಕರ. ಪುರಾಣದಂತೆಯೇ ಚರಿತ್ರೆಯೂ ಯಾರೊಬ್ಬರ ಸ್ವತ್ತಲ್ಲ. ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಆರ್. ಜಿ. ಆನಂದ್ ಅವರ ಮೊಕದ್ದಮೆಯಲ್ಲಿ ಈ ತತ್ತ್ವವನ್ನು ಸ್ಪಷ್ಟಪಡಿಸಿತು. ಆನಂದರು 'ಹಮ್ ಹಿಂದುಸ್ತಾನಿ' ಎಂಬ ನಾಟಕವನ್ನು ರಚಿಸಿದ್ದರು. ಪಂಜಾಬೀ ಹಾಗೂ ಮದರಾಸೀ ಕುಟುಂಬಗಳ ನಡುವಣ ಪ್ರಾಂತಾಭಿಮಾನ ಅದರ ವಸ್ತು. ೧೯೫೬ರಲ್ಲಿ ತೆರೆಕಂಡ 'ನ್ಯೂ ಡೆಲ್ಲಿ' ಎಂಬ ಚಲಚ್ಚಿತ್ರವು ತಮ್ಮ ನಾಟಕದ ಅನುಕರಣವೆಂದು ಅವರು ವಾದಿಸಿದರು. ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಭಾವನೆ, ವಿಷಯ, ಕಥಾವಸ್ತು, ಐತಿಹಾಸಿಕ ಅಥವಾ ಪೌರಾಣಿಕ ಸಂಗತಿ ಇವುಗಳಿಗೆ ಕೃತಿಸ್ವಾಮ್ಯವಿಲ್ಲ. ಅವುಗಳನ್ನು ನಿರೂಪಿಸಿದ ರೂಪಕ್ಕೆ, ಜೋಡಣೆಗೆ, ಅಭಿವ್ಯಕ್ತಿಗೆ ಮಾತ್ರ ಉಂಟು ಎಂದು ನಿರ್ಣಯಿಸಿತು. ಎರಡೂ ಕೃತಿಗಳನ್ನು ನೋಡಿದವನಿಗೆ ಒಂದು ಇನ್ನೊಂದರ ನಕಲೆಂಬ ಭಾವನೆ ನಿಸ್ಸಂದೇಹವಾಗಿ ಮೂಡುವುದೇ ಎಂಬುದು ನ್ಯಾಯಾಲಯವು ಒಪ್ಪಿದ ಪರೀಕ್ಷೆ. ಈ ತತ್ತ್ವದಂತೆ ಭಗತ್ ಸಿಂಗರ ಜೀವನವನ್ನು ಹತ್ತು ಜನ ಏಕಕಾಲದಲ್ಲಿ ಚಿತ್ರಿಸಿದರೂ ಆ ಕಾರಣವೊಂದರಿಂದಲೇ ಯಾರೂ ತಪ್ಪಿತಸ್ಥರಾಗುವುದಿಲ್ಲ.

ಎರಡನೆಯದು ಕಾಲ. ಕೆಲವೊಮ್ಮೆ ಪಂಚಾಂಗವೇ ಸಂದರ್ಭವನ್ನು ಒದಗಿಸುತ್ತದೆ. ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿ ಐನೂರು ವರ್ಷಗಳು ತುಂಬಿದ ೧೯೯೨ರಲ್ಲಿ 'ಕ್ರಿಸ್ಟೋಫರ್ ಕೊಲಂಬಸ್: ದಿ ಡಿಸ್ಕವರಿ' ಆಗಸ್ಟ್ ತಿಂಗಳಲ್ಲಿಯೂ, ರಿಡ್ಲಿ ಸ್ಕಾಟ್ ನಿರ್ದೇಶಿಸಿದ '೧೪೯೨: ಕಾಂಕ್ವೆಸ್ಟ್ ಆಫ್ ಪ್ಯಾರಡೈಸ್' ಅಕ್ಟೋಬರ್ ತಿಂಗಳಲ್ಲಿಯೂ ಅಮೆರಿಕದಲ್ಲಿ ಬಿಡುಗಡೆಯಾದುವು. ಅದೇ ವರ್ಷ ಇಂಗ್ಲೆಂಡಿನಲ್ಲಿ ಅದೇ ವಸ್ತುವನ್ನು ಕುರಿತು ಒಂದು ಪ್ರಹಸನಚಿತ್ರವೂ ಬಂದಿತು. ಮತ್ತೆ ಕೆಲವೊಮ್ಮೆ ಕಾಲದ ಭಯವೇ ವಸ್ತುವಾಗುತ್ತದೆ. ೧೯೬೨ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಸಂಬಂಧವಾಗಿ ಜಗತ್ತು ಪರಮಾಣುಯುದ್ಧದ ಅಂಚಿಗೆ ಬಂದಿತ್ತು. ೧೯೬೪ರ ಜನವರಿಯಲ್ಲಿ ಸ್ಟ್ಯಾನ್ಲಿ ಕೂಬ್ರಿಕ್ ನಿರ್ದೇಶಿಸಿದ 'ಡಾಕ್ಟರ್ ಸ್ಟ್ರೇಂಜ್‌ಲವ್', ಅಕ್ಟೋಬರಿನಲ್ಲಿ ಸಿಡ್ನಿ ಲ್ಯುಮೆಟ್ ನಿರ್ದೇಶಿಸಿದ 'ಫೇಲ್ ಸೇಫ್' ಬಿಡುಗಡೆಯಾದುವು. ಅಮೆರಿಕದ ಬಾಂಬರ್ ವಿಮಾನಗಳು ಸೋವಿಯೆತ್ ದೇಶದ ಕಡೆಗೆ ಹೊರಟುಹೋಗಿ, ಅವುಗಳನ್ನು ಹಿಂದಕ್ಕೆ ಕರೆಯಲಾಗದೆ ಸರಕಾರ ತತ್ತರಿಸುವುದು ಎರಡರ ಕಥೆಯೂ ಹೌದು.

ಮೂರನೆಯದು ವ್ಯಾಪಾರ. ಚಲಚ್ಚಿತ್ರ ನಿರ್ಮಾಣ ಬಹುಧನವನ್ನು ಬೇಡುವ ಉದ್ಯಮ. ಒಬ್ಬ ನಿರ್ಮಾಪಕನು ಒಂದು ವಸ್ತುವನ್ನು ಪ್ರಕಟಿಸುವ ವೇಳೆಗೆ ಇನ್ನೊಬ್ಬನು ಅದೇ ವಸ್ತುವಿಗಾಗಿ ನಟರಿಗೆ ಮುಂಗಡ ಕೊಟ್ಟು, ರಂಗಸಜ್ಜಿಕೆಗೆ ಹಣ ತೊಡಗಿಸಿರಬಹುದು. ಹಿಂದೆ ಸರಿದರೆ ನಷ್ಟ ಖಂಡಿತ. ಮುಂದುವರಿದರೆ ಲಾಭ ಸಂಭಾವ್ಯ. ಆದಕಾರಣ ಇಬ್ಬರೂ ಹಿಂದೆಗೆಯುವುದಿಲ್ಲ. ತಾನು ಮೊದಲು ಬರಬೇಕೆಂಬ ಆತುರ ಮಾತ್ರ ಹೆಚ್ಚುತ್ತದೆ. ಮೇಲೆ ಹೇಳಿದ ೧೯೬೪ರ ಪ್ರಸಂಗದಲ್ಲಿ ಕೂಬ್ರಿಕ್ ಅವರ ಚಿತ್ರಕ್ಕೆ ಪೀಟರ್ ಜಾರ್ಜ್ ಎಂಬವರು ೧೯೫೮ರಲ್ಲಿ ಪ್ರಕಟಿಸಿದ್ದ ಕಾದಂಬರಿ ಆಧಾರ; ಲ್ಯುಮೆಟ್ ಅವರ ಚಿತ್ರಕ್ಕೆ ೧೯೬೨ರ ಇನ್ನೊಂದು ಕಾದಂಬರಿ ಆಧಾರ. ಎರಡನೆಯದು ಮೊದಲನೆಯದರ ಅನುಕರಣವೆಂದು ವ್ಯಾಜ್ಯ ಹೂಡಲಾಗಿ, ಅದು ರಾಜಿಯಲ್ಲಿ ಮುಗಿಯಿತು. ಕೊನೆಗೆ ಕೊಲಂಬಿಯಾ ಸಂಸ್ಥೆಯೊಂದೇ ಎರಡು ಚಿತ್ರಗಳನ್ನೂ ವಿತರಣೆಗೆ ತೆಗೆದುಕೊಂಡು, ಕೂಬ್ರಿಕ್ ಅವರದನ್ನು ಮೊದಲು ಹೊರತಂದಿತು. ಆದರೂ ಮೊದಲು ಬಂದದ್ದೇ ಯಾವಾಗಲೂ ಗೆಲ್ಲುವುದೆಂದು ಹೇಳುವಂತಿಲ್ಲ. ಭೂಮಿಗೆ ಆಕಾಶಕಾಯವೊಂದು ಅಪ್ಪಳಿಸಲಿರುವ ಕಥೆಯುಳ್ಳ 'ಡೀಪ್ ಇಂಪ್ಯಾಕ್ಟ್' ೧೯೯೮ರ ಮೇ ತಿಂಗಳಲ್ಲಿ ಬಂದಿತು. ಅದೇ ಬಗೆಯ 'ಆರ್ಮಗೆಡನ್' ಜುಲೈ ತಿಂಗಳಲ್ಲಿ ಬಂದು ಹೆಚ್ಚು ಹಣ ಗಳಿಸಿತು.

೪

ಈಗ ೨೦೦೨ರ ಪ್ರಸಂಗಕ್ಕೆ ಹಿಂದಿರುಗೋಣ. ಭಗತ್ ಸಿಂಗರು ಜನಿಸಿದುದು ೧೯೦೭ರಲ್ಲಿ. ಜನ್ಮಶತಾಬ್ದಿ ೨೦೦೭ರಲ್ಲಿ ಬರಬೇಕಾಗಿತ್ತು. ಆದುದರಿಂದ ಪಂಚಾಂಗದ ಕಾರಣ ಇಲ್ಲಿ ಸಲ್ಲದು. ಹಿಂದಿನ ವರ್ಷ, ೨೦೦೧ರ ಜೂನ್ ೧೫ರಂದು, 'ಲಗಾನ್' ಮತ್ತು 'ಗದರ್' ಎಂಬ ಎರಡು ಚಿತ್ರಗಳು ಒಂದೇ ದಿನ ತೆರೆಕಂಡು ಎರಡೂ ಜಯಗಳಿಸಿದ್ದುವು. ಒಂದರ ಕಥೆ ಬ್ರಿಟಿಷರ ಕಂದಾಯವನ್ನು ಕುರಿತದ್ದು, ಇನ್ನೊಂದರದು ದೇಶವಿಭಜನೆಯನ್ನು ಕುರಿತದ್ದು. ದೇಶಾಭಿಮಾನದ ಐತಿಹಾಸಿಕ ಚಿತ್ರಕ್ಕೆ ಪ್ರೇಕ್ಷಕರಿದ್ದಾರೆಂಬ ಭರವಸೆ ಇದರಿಂದ ನಿರ್ಮಾಪಕರಲ್ಲಿ ಬಲಗೊಂಡಿರಬೇಕೆಂದು ಊಹಿಸಲು ಅವಕಾಶವಿದೆ. ಆದರೆ ಆ ಎರಡು ಚಿತ್ರಗಳ ಕಥೆಗಳು ಬೇರೆಬೇರೆ. ೨೦೦೨ರವುಗಳ ಕಥೆ ಒಂದೇ. ಪ್ರೇಕ್ಷಕವರ್ಗ ಒಡೆಯಿತು. ಜೂನ್ ೭ರ ಎರಡು ಚಿತ್ರಗಳೂ ವ್ಯಾಪಾರದಲ್ಲಿ ಸೋತುವು. ಸಂತೋಷಿಯವರ ಚಿತ್ರಕ್ಕೆ ಅತ್ಯುತ್ತಮ ಹಿಂದೀ ಚಿತ್ರವೆಂದೂ, ಅದರ ನಾಯಕನಟನಿಗೆ ಅತ್ಯುತ್ತಮ ನಟನೆಂದೂ ರಾಷ್ಟ್ರಪ್ರಶಸ್ತಿಗಳು ಮಾತ್ರ ದೊರೆತುವು.

ಈ ಎರಡು ಚಿತ್ರಗಳಲ್ಲಿ ಸಮಾನವಾಗಿರುವ ಸಂಗತಿಗಳನ್ನು ಪರಿಶೀಲಿಸಿದರೆ ಅವು ಎರಡು ಜಾತಿಗೆ ಸೇರುತ್ತವೆ. ಮೊದಲನೆಯವು ದಾಖಲೆಗಳಿಂದ ಬಂದವು. ೧೯೨೮ರ ನವೆಂಬರ್ ೧೭ರಂದು ಲಾಲಾ ಲಜಪತರಾಯರ ಮರಣ, ಡಿಸೆಂಬರ್ ೧೭ರಂದು ಸಾಂಡರ್ಸನ ಹತ್ಯೆ, ೧೯೨೯ರ ಏಪ್ರಿಲ್ ೮ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬು ಎಸೆದುದು, ಸೆರೆಮನೆಯ ಉಪವಾಸ, ೧೯೩೧ರ ಮಾರ್ಚ್ ೨೩ರ ಮರಣದಂಡನೆ ಇವನ್ನು ಯಾವ ಚಿತ್ರಕಾರನೂ ಬಿಡುವಂತಿಲ್ಲ. ಈ ವಿಷಯಗಳಲ್ಲಿ ಎರಡು ಚಿತ್ರಗಳು ಒಮ್ಮತವಾದರೆ ಅದು ಆಕರದ ಫಲ.

ಎರಡನೆಯ ಜಾತಿಗೆ ಸೇರಿದ ಸಂಗತಿಯೇ ನಮ್ಮ ವಿವೇಚನೆಗೆ ಮುಖ್ಯವಾದುದು. ಎರಡು ಚಿತ್ರಗಳಲ್ಲಿಯೂ ಭಗತ್ ಸಿಂಗರಿಗೆ ನಿಶ್ಚಿತಳಾದ ವಧುವೊಬ್ಬಳ ಪಾತ್ರವಿದೆ. ಹಾಡು, ಅನುರಾಗಗಳೊಡನೆ ಆ ಪಾತ್ರ ಬೆಳೆಯುತ್ತದೆ. ಚರಿತ್ರೆ ಹೇಳುವುದಾದರೂ ಏನು? ಮನೆಯವರು ವಿವಾಹದ ಮಾತು ತೆಗೆದಾಗ ಆ ತರುಣರು ತಂದೆಗೆ ಪತ್ರ ಬರೆದಿಟ್ಟು, ತಮ್ಮ ಬಾಳು ದೇಶಕಾರ್ಯಕ್ಕೆ ಮುಡಿಪಾಗಿದೆಯೆಂದು ತಿಳಿಸಿ, ಮನೆ ತೊರೆದರು. ಕಾನ್ಪುರಕ್ಕೆ ಹೋಗಿ ಗಣೇಶ ಶಂಕರ ವಿದ್ಯಾರ್ಥಿಯವರ 'ಪ್ರತಾಪ' ಪತ್ರಿಕೆಯಲ್ಲಿ ಕೆಲಸ ಮಾಡಿದರು. ದಾಖಲೆಯಲ್ಲಿರುವುದು ವಿವಾಹದ ನಿರಾಕರಣ. ತೆರೆಯ ಮೇಲಿರುವುದು ಪ್ರಣಯ. ಎರಡು ಚಿತ್ರಗಳೂ ಹೀಗೆ ಒಂದೇ ಕಡೆ ದಾಖಲೆಯನ್ನು ಬಿಟ್ಟು ನಡೆದುದಕ್ಕೆ ಒಂದನ್ನೊಂದು ಕದ್ದುದೇ ಕಾರಣವೆನ್ನಬೇಕಾಗಿಲ್ಲ. ನಾಯಕನಿದ್ದಲ್ಲಿ ನಾಯಿಕೆ ಇರಬೇಕೆಂಬ ಹಿಂದೀ ಚಿತ್ರದ ರೂಢಿ ಇಬ್ಬರನ್ನೂ ಒಂದೇ ದಾರಿಯಲ್ಲಿ ನಡೆಸಿತೆಂದರೆ ಸಾಕು.

ಆದರೆ ಎರಡನ್ನೂ ನೋಡಿದ ವಿದ್ಯಾರ್ಥಿಗೆ ಇದು ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದಂತೆ ತೋರುತ್ತದೆ. ಶಾಸನಗಳನ್ನು ಅಭ್ಯಾಸಮಾಡಿದವರಿಗೆ ಇಲ್ಲಿಯ ದೋಷ ಕೂಡಲೇ ಗೋಚರಿಸುತ್ತದೆ. ಒಂದೇ ಪ್ರಶಸ್ತಿಪಾಠ ಒಂದು ರಾಜವಂಶದ ಹತ್ತು ತಾಮ್ರಪಟಗಳಲ್ಲಿ ಬಂದರೆ ಅವು ಹತ್ತು ಸಾಕ್ಷಿಗಳಾಗುವುದಿಲ್ಲ. ಒಂದೇ ಪಾಠದ ಹತ್ತು ಪ್ರತಿಗಳಾಗುತ್ತವೆ. ಸಾಕ್ಷಿಗಳ ಒಮ್ಮತಕ್ಕೆ ಬೆಲೆ ಬರುವುದು ಅವು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ. ಮೇಲಾಗಿ ಈ ಚಿತ್ರಗಳಿಗೆ ಹಿಂದೆ ೧೯೬೫ರಲ್ಲಿ ಮನೋಜ್ ಕುಮಾರ್ ಅವರು ಅಭಿನಯಿಸಿದ ಪ್ರಸಿದ್ಧವಾದ 'ಶಹೀದ್' ಇತ್ತು. ಪ್ರೇಕ್ಷಕರೂ ಚಿತ್ರಕಾರರೂ ಅದನ್ನು ಬಲ್ಲವರಾಗಿದ್ದರೆಂಬುದನ್ನು ಮರೆಯಬಾರದು.

ಚಿತ್ರಗಳು ಭಿನ್ನವಾಗುವ ಎಡೆಗಳೂ ಅಷ್ಟೇ ಬೋಧಪ್ರದ. ಧನೋವಾ ಅವರ ಚಿತ್ರದಲ್ಲಿ ಚಂದ್ರಶೇಖರ ಆಜಾದರ ಪಾತ್ರವನ್ನು ವಹಿಸಿದವರು ನಾಯಕನಟನ ಅಣ್ಣನೂ ಆಗ ಹೆಚ್ಚು ಜನಪ್ರಿಯರೂ ಆಗಿದ್ದ ಸನ್ನಿ ದೇವಲ್. ಚಿತ್ರದ ನಿರ್ಮಾಪಕರು ತಂದೆ ಧರ್ಮೇಂದ್ರ ಅವರು. ಆಜಾದರ ಪಾತ್ರದ ತೂಕವನ್ನು ಅಳೆಯುವಾಗ ಈ ಸಂಬಂಧವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂತೋಷಿಯವರ ಚಿತ್ರದಲ್ಲಿ ಗಾಂಧೀಜಿಯವರು ಈ ತರುಣರ ಪ್ರಾಣರಕ್ಷಣೆಗೆ ಸಾಕಷ್ಟು ಯತ್ನಿಸಲಿಲ್ಲವೆಂಬ ಧ್ವನಿ ಸ್ಪಷ್ಟವಾಗಿದೆ. ಗಾಂಧೀಜಿಯವರು ಮರಣದಂಡನೆಯನ್ನು ತಡೆಯುವಂತೆ ಮಾರ್ಚ್ ೨೩ರಂದೇ ಅರ್ವಿನ್ ಪ್ರಭುವಿಗೆ ಪತ್ರ ಬರೆದರೆಂಬುದು ದಾಖಲೆಯಲ್ಲಿದೆ. ಆ ಯತ್ನ ಸಾಕಾಗಿತ್ತೇ ಎಂಬುದರಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ; ಚಿತ್ರವಾದರೋ ಆ ಮತಭೇದವನ್ನು ತೋರಿಸದೆ ತೀರ್ಪನ್ನಷ್ಟೇ ಕೊಡುತ್ತದೆ.

೫

ಇಷ್ಟರಿಂದ ನಮಗೆ ತೋರುವ ನಿರ್ಣಯ ಹೀಗಿದೆ. ಪ್ರತಿಸ್ಪರ್ಧಿ ಚಿತ್ರಗಳ ಒಮ್ಮತವು ಅವು ವರ್ಣಿಸುವ ಕಾಲಕ್ಕೆ ತಾನಾಗಿಯೇ ಪ್ರಮಾಣವಾಗುವುದಿಲ್ಲ. ಅವು ತಯಾರಾದ ಕಾಲಕ್ಕೆ ಮಾತ್ರ ಒಳ್ಳೆಯ ಪ್ರಮಾಣವಾಗುತ್ತದೆ. ೧೯೬೪ರ ಎರಡು ಚಿತ್ರಗಳನ್ನೇ ನೋಡಿ. ಒಂದರಲ್ಲಿ ಅನರ್ಥಕ್ಕೆ ಬುದ್ಧಿಭ್ರಮಣೆಗೊಂಡ ಸೇನಾಧಿಕಾರಿ ಕಾರಣ, ಇನ್ನೊಂದರಲ್ಲಿ ಯಂತ್ರದೋಷ ಕಾರಣ. ಒಂದು ವಿಡಂಬನೆ, ಇನ್ನೊಂದು ಗಂಭೀರನಾಟಕ. ಆದರೂ ಹೊರಟ ವಿಮಾನವನ್ನು ಹಿಂದಕ್ಕೆ ಕರೆಯಲಾಗದೆಂಬ ಭಯ ಎರಡರಲ್ಲಿಯೂ ಸಮಾನ. ಆ ಭಯವು ಆ ದಶಕದ ಚರಿತ್ರೆಗೆ ಸೇರಿದ ಸಂಗತಿ. ಅದರಂತೆಯೇ ೨೦೦೨ರ ಚಿತ್ರಗಳು ಸಮಾನವಾಗಿ ಕಲ್ಪಿಸಿದ ಪ್ರಣಯವು ೧೯೩೧ರ ಲಾಹೋರಿನ ಬಗೆಗೆ ಏನನ್ನೂ ಹೇಳುವುದಿಲ್ಲ. ೨೦೦೨ರ ಹಿಂದೀ ಚಿತ್ರದ ಪ್ರೇಕ್ಷಕನು ಒಬ್ಬ ಹುತಾತ್ಮನಲ್ಲಿಯೂ ಏನನ್ನು ನಿರೀಕ್ಷಿಸುವನೆಂದು ಚಿತ್ರಕಾರರು ತಿಳಿದಿದ್ದರೋ ಅದನ್ನು ಹೇಳುತ್ತದೆ.

ಆದಕಾರಣ ತರಗತಿಗಳಲ್ಲಿ ಇಂಥ ಚಿತ್ರಗಳನ್ನು ಚರ್ಚಿಸುವಾಗ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಹಾಕುವುದು ಉಚಿತ. ಎರಡು ಚಿತ್ರಗಳಲ್ಲಿಯೂ ಇರುವುದರಲ್ಲಿ ದಾಖಲೆಯ ಆಧಾರವುಳ್ಳದ್ದು ಯಾವುದು? ಎರಡರಲ್ಲಿಯೂ ಇದ್ದು ಆಧಾರವಿಲ್ಲದ್ದು ಯಾವುದು, ಅದು ಯಾವ ರೂಢಿಯಿಂದ ಬಂದಿತು? ಒಂದರಲ್ಲಿ ಮಾತ್ರ ಇರುವುದು ಯಾವುದು, ಅದರಿಂದ ಯಾರಿಗೆ ಪ್ರಯೋಜನ? ಇವಕ್ಕೆ ಉತ್ತರ ಹುಡುಕುವ ವಿದ್ಯಾರ್ಥಿಯು ಮೂಲಪತ್ರಗಳ ಕಡೆಗೆ, ನ್ಯಾಯಾಲಯದ ದಾಖಲೆಗಳ ಕಡೆಗೆ, ಭಗತ್ ಸಿಂಗರೇ ಸೆರೆಮನೆಯಲ್ಲಿ ಬರೆದ ಲೇಖನಗಳ ಕಡೆಗೆ ತಿರುಗಲೇಬೇಕಾಗುತ್ತದೆ. ಒಂದೇ ಚಿತ್ರ ಬಂದಿದ್ದರೆ ಅದನ್ನೇ ನಂಬಿ ಸುಮ್ಮನಾಗುತ್ತಿದ್ದವನನ್ನು ಎರಡು ಚಿತ್ರಗಳ ವಿರೋಧವು ಗ್ರಂಥಾಲಯಕ್ಕೆ ಕರೆದೊಯ್ಯಬಲ್ಲುದು. ನಿರ್ಮಾಪಕರಿಗೆ ನಷ್ಟವನ್ನು ತಂದ ಪೈಪೋಟಿಯಿಂದ ಅಧ್ಯಾಪಕರಿಗೆ ಇಷ್ಟು ಲಾಭವುಂಟು. ಕನ್ನಡ ರಂಗಭೂಮಿಯಲ್ಲಿಯೂ ಚಲಚ್ಚಿತ್ರರಂಗದಲ್ಲಿಯೂ ಒಂದೇ ವಸ್ತುವಿನ ಹಲವು ಕೃತಿಗಳಿವೆ. ಅವುಗಳನ್ನು ಈ ಕ್ರಮದಲ್ಲಿ ಹೋಲಿಸಿ ನೋಡುವ ವ್ಯಾಸಂಗವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬೇಕೆಂದು ಆಶಿಸುತ್ತೇವೆ.