ನಿಮಗಿದು ಗೊತ್ತೆ? ಕ್ಸೇವಿಯರ್ ಎಂದರೆ ‘ಹೊಸಮನೆ’!

ಗಂಡುಮಕ್ಕಳಿಗೆ ಇಡುವ ಕ್ಸೇವಿಯರ್ ಎಂಬ ಹೆಸರು ಮೂಲದಲ್ಲಿ ವ್ಯಕ್ತಿಯದ್ದಲ್ಲ, ಜಾಗದ್ದು. ಉತ್ತರ ಸ್ಪೇನ್‌ನ ನವಾರಾ ಪ್ರಾಂತ್ಯದಲ್ಲಿ ಹವಿಯೇರ್ (ಇದೇ ನಮ್ಮ ಕ್ಸೇವಿಯರ್) ಎಂಬ ಕೋಟೆಮನೆಯಿದೆ. ಅಲ್ಲಿನ ಬಾಸ್ಕ್ ಭಾಷೆಯಲ್ಲಿ ‘ಎಚೆ’ ಎಂದರೆ ಮನೆ, ‘ಬೆರಿ’ ಎಂದರೆ ಹೊಸದು. ಈ ‘ಎಚೆಬೆರಿ’ಯೇ ಜನರ ಬಾಯಲ್ಲಿ ಸವೆದು ಸವೆದು ಕ್ಸೇವಿಯರ್ ಆಯಿತು. ನಮ್ಮ ಹೊಸಮನೆ, ಹೊಸಮನಿ ಅಡ್ಡಹೆಸರಿನವರು ಬೇಕಿದ್ದರೆ ನೆಂಟಸ್ತನ ಹೇಳಿಕೊಳ್ಳಬಹುದು!

1506ರಲ್ಲಿ ಆ ಕೋಟೆಯಲ್ಲಿ ಹುಟ್ಟಿದ ಫ್ರಾನ್ಸಿಸ್‌ಗೆ ಅಂಟಿದ್ದು ತಂದೆಯ ‘ಹಾಸೊ’ ಎಂಬ ಮನೆತನದ ಹೆಸರಲ್ಲ, ತಾಯಿಯ ಕಡೆಯಿಂದ ಬಂದ ಕೋಟೆಯ ಹೆಸರು. ಜೆಸ್ಯುಯಿಟ್ ಪಾದ್ರಿಯಾಗಿ 1542ರಲ್ಲಿ ಗೋವಾಕ್ಕೆ ಬಂದಿಳಿದ ಅವರು 1552ರಲ್ಲಿ ಚೀನಾದ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡರು. 1622ರಲ್ಲಿ ಸಂತ ಪದವಿ ದೊರೆಯಿತು. ಫ್ರಾನ್ಸಿಸ್ ಎಂಬ ಸಂತರು ಬೇರೆಯವರೂ ಇದ್ದುದರಿಂದಲೋ ಏನೋ, ಭಕ್ತರು ಇವರ ಅಡ್ಡಹೆಸರನ್ನೇ ಎತ್ತಿ ಮಕ್ಕಳಿಗೆ ಇಟ್ಟರು. ಬಾರ್ಸಿಲೋನಾದ ಮಾಜಿ ಫುಟ್‌ಬಾಲ್ ತಾರೆ ಚಾವಿಯದ್ದೂ ಇದೇ ಹೆಸರಿನ ಮೊಟಕು ರೂಪ. 1970ರಿಂದ 1976ರವರೆಗೆ ಮೆಕ್ಸಿಕೊ ಅಧ್ಯಕ್ಷರಾಗಿದ್ದ ಲೂಯಿಸ್ ಎಚೆವೆರಿಯಾ ಅವರ ಕುಲನಾಮದ ಬೇರೂ ಆ ‘ಹೊಸಮನೆ’ಯೇ.

ಸಂತ ಕ್ಸೇವಿಯರ್ ಪಾರ್ಥಿವ ಶರೀರ ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾದಲ್ಲಿದೆ. ಡಿಸೆಂಬರ್ 3 ಅವರ ಹಬ್ಬದ ದಿನ.